ಒಳಗಿದ್ದವನ ಮಾತೇ ಮೊದಲು

ವಿದ್ವಾನ್ ಕೃಷ್ಣಯ್ಯ
ನಿವೃತ್ತ ಸಂಸ್ಕೃತ ಪಂಡಿತರು, ಯಲಹಂಕ

ಬೆನ್ನಟ್ಟುವವನ ವೇಷವನ್ನು ತೊಟ್ಟು ನಿಂತಿದ್ದರೂ ಬೆನ್ನಟ್ಟಿಸಿಕೊಂಡವರ ಮೊರೆಗೇ ಮೊದಲು ಕಿವಿಗೊಡುವ ಶ್ರೀ ಬೇಟೆರಾಯಸ್ವಾಮಿಯ ಪಾದಾರವಿಂದಗಳಲ್ಲಿ ತಲೆಯಿಟ್ಟು, ಮಾತಿಗೆ ಅಧಿದೇವತೆಯಾದ ತಾಯಿ ಶಾರದೆಯು ಈ ಬರಹದಲ್ಲಿ ಇಲ್ಲದ್ದು ಸೇರದಂತೆ, ಇದ್ದದ್ದು ಬಿಟ್ಟುಹೋಗದಂತೆ ಕಾಯಲೆಂದು ಬೇಡಿಕೊಂಡು, ನ್ಯಾಯವಾದಿ ಶ್ರೀಮತಿ ಶಶಿರೇಖಾ ಅವರ ಸೇವಾಜೀವನದಲ್ಲಿ ನಾನು ಕಂಡಷ್ಟನ್ನು ಇಲ್ಲಿ ನಿವೇದಿಸುತ್ತೇನೆ.

ಆರೋಪಿಯ ಪರವಾಗಿ ನಿಂತು ವಾದಿಸುವ ವೃತ್ತಿಯನ್ನು ಲೋಕವು ಅಗತ್ಯಬಿದ್ದಾಗ ಹುಡುಕಿಕೊಂಡು ಹೋಗುತ್ತದೆ, ಅಗತ್ಯ ತೀರಿದ ಮೇಲೆ ಅದರ ಹೆಸರೆತ್ತಲು ಹಿಂಜರಿಯುತ್ತದೆ. ಅಂಥ ವೃತ್ತಿಯಲ್ಲಿ ನಾಲ್ಕು ದಶಕಗಳ ಕಾಲ ನಿಂತು, ಉತ್ತರ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ 'ಲಾಯರಮ್ಮ' ಎಂದರೆ ಬೇರೆ ಯಾರೂ ಅಲ್ಲ ಎಂಬಷ್ಟು ಹೆಸರಾಗಿ, ಈಗ ತಾವಾಗಿಯೇ ಕರಿಕೋಟನ್ನು ಮಡಿಸಿಟ್ಟಿರುವ ಶಶಿರೇಖಾ ಅವರಿಗೆ ಇನ್ನೊಂದು ಹೆಸರೂ ಇತ್ತು. ಆರ್.ಟಿ. ನಗರದ ಅವರ ಕಚೇರಿಯ ಬೆಂಚಿನ ಮೇಲೆ ಕುಳಿತೆದ್ದವರೇ ಇಟ್ಟ ಹೆಸರು ಅದು: 'ಕಥೆ ಕೇಳದ ಲಾಯರಮ್ಮ'. ಪುರಾಣಶ್ರವಣವನ್ನು ಪುಣ್ಯವೆಂದು ನಂಬಿ, ಗುಡಿಯ ಜಗಲಿಯಲ್ಲಿ ಕಥೆ ಹೇಳುತ್ತಲೇ ಆಯುಸ್ಸನ್ನು ಕಳೆದ ನನಗೆ ಆ ಹೆಸರು ಮೊದಲು ಕೇಳಿದಾಗ ಅಷ್ಟೇನೂ ರುಚಿಸಿರಲಿಲ್ಲ. ಅದರೊಳಗಣ ಅರ್ಥ ತಿಳಿಯುವುದಕ್ಕೆ ನಮ್ಮ ಕಡೆಯ ಒಂದು ಮನೆಗೆ ಒದಗಿದ ಆಪತ್ತೇ ಬೇಕಾಯಿತು.

ಶಶಿರೇಖಾ ಅವರು ಯಶವಂತಪುರದ ರೈಲ್ವೆ ಸರಕು ಗೋದಾಮಿನಲ್ಲಿ ಗುಮಾಸ್ತರಾಗಿದ್ದವರೊಬ್ಬರ ಮಗಳು. ಅವರು ಇನ್ನೂ ಲಂಗ ಉಡುತ್ತಿದ್ದ ವಯಸ್ಸಿನಲ್ಲಿ ಗೋದಾಮಿನ ಮೂಟೆಗಳು ಕಾಣೆಯಾದುವೆಂದು ತಂದೆಯನ್ನು ಪೊಲೀಸರು ಕರೆದೊಯ್ದರು. ಬಂಧುಗಳು ಸೇರಿ, ತಮಗೆ ಗೊತ್ತಿದ್ದವರಲ್ಲಿ ದೊಡ್ಡವರೆನಿಸಿದ ವಕೀಲರನ್ನು ಗೊತ್ತುಮಾಡಿದರು. ಆ ವಕೀಲರು ಬಂಧುಗಳ ಬಾಯಿಂದ ನಡೆದದ್ದನ್ನು ತಿಳಿದುಕೊಂಡು, ಲೆಕ್ಕದಲ್ಲಿ ಕೈತಪ್ಪಾಗಿದೆ, ದಯೆ ತೋರಬೇಕು ಎಂದು ವಾದಿಸಿ ಬಿಡಿಸಿಕೊಂಡು ಬಂದರು. ಎಲ್ಲರೂ ನೆಮ್ಮದಿಯ ಉಸಿರುಬಿಟ್ಟರು; ತಂದೆ ಮಾತ್ರ ಬಿಡಲಿಲ್ಲ. ಕೈತಪ್ಪೂ ಆಗಿರಲಿಲ್ಲವೆಂಬುದು ಅವರೊಬ್ಬರಿಗೆ ಗೊತ್ತಿತ್ತು. ಮಗಳು ಕಾನೂನು ಓದಿ ಸನ್ನದು ಪಡೆಯುವುದಕ್ಕೆ ಮೊದಲೇ ಅವರು ತೀರಿಕೊಂಡರು. ತೀರಿಕೊಳ್ಳುವ ತನಕವೂ ಸಂಜೆ ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದು ಆಗಾಗ ಒಂದೇ ಮಾತನ್ನು ಹೇಳಿಕೊಳ್ಳುತ್ತಿದ್ದರಂತೆ: "ನನ್ನನ್ನ ಯಾರೂ ಕೇಳ್ಲೇ ಇಲ್ವಲ್ಲ."

ಕರಿಕೋಟು ತೊಟ್ಟ ಮೊದಲ ದಿನ ತಂದೆಯ ಎದುರು ಕುಳಿತು, ಯಾರೂ ಕೇಳದೆ ಬಿಟ್ಟ ಆ ಪ್ರಶ್ನೆಯನ್ನು ತಾವೇ ಕೇಳಬೇಕೆಂದು ಶಶಿರೇಖಾ ಅವರು ಓದುವ ದಿನಗಳಲ್ಲೆಲ್ಲ ಅಂದುಕೊಂಡಿದ್ದರಂತೆ. ಕೋಟು ಬಂತು, ಕೇಳಿಸಿಕೊಳ್ಳಬೇಕಾದವರು ಇರಲಿಲ್ಲ. ಆ ಹಂಬಲ ಹಾಗೆಯೇ ಉಳಿದುಕೊಂಡು, ಅವರ ಕೆಲಸದ ಪದ್ಧತಿಯಾಯಿತೆಂದು ನಾನು ತಿಳಿದಿದ್ದೇನೆ.

ಬಂಧನವಾದ ಮನೆಯವರು ವಕೀಲರನ್ನು ಆರಿಸುವ ಬಗೆಯನ್ನು ನಮ್ಮ ಯಲಹಂಕ, ಹೆಬ್ಬಾಳದ ಕಡೆಯವರೆಲ್ಲ ಬಲ್ಲರು. ಕೆಲವರು ಪುಢಾರಿಯ ಮನೆಯ ಗೇಟಿನ ಮುಂದೆ ನಿಲ್ಲುತ್ತಾರೆ. ಕೆಲವರು ತಮ್ಮ ಸೈಟಿನ ಪತ್ರ ಬರೆದುಕೊಟ್ಟವನನ್ನೇ ವಿಚಾರಿಸುತ್ತಾರೆ. ಕೆಲವರು ನ್ಯಾಯಾಲಯದ ಮೊಗಸಾಲೆಯಲ್ಲಿ ನಿಂತು ಯಾರ ಹಿಂದೆ ಹೆಚ್ಚು ಮಂದಿ ಕಿರಿಯರು ನಡೆಯುತ್ತಾರೆಂದು ನೋಡುತ್ತಾರೆ. ಎರಡು ಹೆಸರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ದೇವರ ಬಲಗಡೆಯ ಹೂ ಬೀಳುವುದನ್ನು ಕಾದು ವಕೀಲರನ್ನು ನಿಶ್ಚಯಿಸಿಕೊಂಡವರನ್ನು ನಮ್ಮ ಗುಡಿಯಲ್ಲೇ ನಾನು ಕಂಡಿದ್ದೇನೆ. ಅವರ ಭಕ್ತಿಯನ್ನು ಹಗುರವಾಗಿ ಕಾಣಲಾರೆ. ಇಷ್ಟು ಜನರನ್ನು, ದೇವರನ್ನೂ ಸೇರಿಸಿ, ಕೇಳಿದವರು ಒಬ್ಬನನ್ನು ಮಾತ್ರ ಕೇಳುತ್ತಿರಲಿಲ್ಲ. ಅವನು ಒಳಗಿರುತ್ತಿದ್ದ.

ಶಶಿರೇಖಾ ಅವರು ಅಲ್ಲಿಂದಲೇ ಪ್ರಾರಂಭಿಸುತ್ತಿದ್ದರು. ಗಾಬರಿಯಿಂದ ಬಂದವರನ್ನು ಬೆಂಚಿನ ಮೇಲೆ ಕುಳ್ಳಿರಿಸಿ ನೀರು ಕೊಡುವರು, ಹೆಸರು, ಠಾಣೆ, ಯಾವಾಗ ಕರೆದೊಯ್ದರು ಎಂಬಷ್ಟನ್ನು ಕೇಳುವರು. ಅವರು "ನಡೆದಿದ್ದೇನಪ್ಪಾ ಅಂದ್ರೆ" ಎಂದು ಬಾಯಿ ತೆರೆದ ಕೂಡಲೇ ಅಂಗೈ ಎತ್ತಿ ನಿಲ್ಲಿಸುವರು. ಬಳಿಕ ತಾವೇ ಹೋಗಿ ಬಂಧಿತನ ಮುಂದೆ ನಿಂತು, ನಾನು ಇಂಥವಳು, ನಿಮ್ಮ ಮನೆಯವರು ಕಳಿಸಿದ್ದಾರೆ, ನಾನು ಬೇಕೋ ಬೇಡವೋ ನೀನೇ ಹೇಳು, ಬೇಡವೆಂದರೆ ಮನೆಯವರಿಗೆ ನಾನೇ ಏನಾದರೂ ಹೇಳಿಕೊಳ್ಳುತ್ತೇನೆ ಎನ್ನುವರು. ಬೇಕು ಎಂದ ಮೇಲೆಯೇ ವಕಾಲತ್ತಿಗೆ ಸಹಿ; ಸಹಿಯಾದ ಮೇಲೆ ಅವನ ಬಾಯಿಂದ ಮೊದಲ ಮಾತು. ಹೆಣ್ಣು ಕೊಡುವಾಗಲೂ ಇಷ್ಟೆಲ್ಲ ಒಪ್ಪಿಗೆ ಕೇಳುವುದಿಲ್ಲವಲ್ಲ ಎಂದು ಬೆಂಚಿನ ಮೇಲಿದ್ದವರೊಬ್ಬರು ಗೊಣಗಿದರೆ, ಕೇಳಿದ್ದರೆ ಎಷ್ಟೋ ಮನೆ ಉಳೀತಿದ್ವು ಎಂದು ಲಾಯರಮ್ಮ ನಗುತ್ತಲೇ ಉತ್ತರ ಕೊಟ್ಟಿದ್ದರಂತೆ.

ಬ್ಯಾಟರಾಯನಪುರದ ಮುನಿಆಂಜಿನಪ್ಪನವರ ಮನೆತನವನ್ನು ಆ ಪ್ರಾಂತದವರಿಗೆ ಪರಿಚಯಿಸಬೇಕಾಗಿಲ್ಲ. ರಾಗಿ ಬೆಳೆಯುತ್ತಿದ್ದ ಹೊಲಗಳ ಮೇಲೆ ಕಟ್ಟಡಗಳೆದ್ದು, ಒಕ್ಕಲುತನದಿಂದ ಕಟ್ಟಡದ ಕೆಲಸಕ್ಕೆ ತಿರುಗಿದ ಮೇಲೂ ಆ ಮನೆ ಪಾಲಾಗಿರಲಿಲ್ಲ. ತಮ್ಮ ತೀರಿಕೊಂಡ ಮೇಲೆ ಅವನ ಹೆಂಡತಿ ಗೋಪಾಲಮ್ಮನವರನ್ನೂ ಮಗು ಮುನೇಶನನ್ನೂ ಮುನಿಆಂಜಿನಪ್ಪನವರು ತಮ್ಮ ಮಗ ಯಶವಂತನಿಗೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗದಂತೆ ಸಾಕಿದರು. ಅಣ್ಣತಮ್ಮಂದಿರಿಬ್ಬರೂ ನನ್ನ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು, ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು. ಆ ಮನೆಯಿಂದ ಹೊರಗೆ ಹೋಗುವ ಮಾತಾಗಲಿ ಸಹಿಯಾಗಲಿ ಹಿರಿಯರ ಮೂಲಕವೇ ಹೋಗಬೇಕೆಂಬುದು ಅಲ್ಲಿಯ ಕಟ್ಟಳೆ.

ಕೆಲವು ವರ್ಷಗಳ ಹಿಂದೆ, ಮಾಕಳಿಯಲ್ಲಿ ಅವರು ಕಟ್ಟಿಸುತ್ತಿದ್ದ ಕಟ್ಟಡದಲ್ಲಿ ಜಗಳವಾಗಿ, ಮೇಸ್ತ್ರಿ ಶಿವಪುತ್ರನೆಂಬವನು ಮೇಲಿನ ಮಹಡಿಯಿಂದ ಕೆಳಗೆ ಬಿದ್ದು ಪ್ರಜ್ಞೆ ತಪ್ಪಿದನು. ಯಾರೋ ತಳ್ಳಿದರೆಂದು ದೂರಾಗಿ, ಸ್ಥಳದಲ್ಲಿದ್ದ ಯಶವಂತ, ಮುನೇಶ ಇಬ್ಬರನ್ನೂ ಪೊಲೀಸರು ಬಂಧಿಸಿದರು. ಮರುದಿನ ಬೆಳಿಗ್ಗೆ ಮುನಿಆಂಜಿನಪ್ಪನವರು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಶಶಿರೇಖಾ ಅವರ ಕಚೇರಿಗೆ ಕರೆತಂದರು. ಬೆಂಚಿನ ಮೇಲೆ ಕುಳಿತ ಹಿರಿಯರು ನನ್ನ ಕಡೆ ಕೈತೋರಿದರು; ಅವರ ಪರವಾಗಿ ನಾನು ನಡೆದದ್ದನ್ನು ಪೂರ್ವೋತ್ತರಗಳೊಡನೆ ವಿವರಿಸಲು ಹೊರಟೆ. ಅಂಗೈ ಮೇಲೆದ್ದಿತು.

"ಮೇಷ್ಟ್ರೇ, ನೀವು ಕಥೆ ಚೆನ್ನಾಗಿ ಹೇಳ್ತೀರಿ ಅಂತ ಊರೆಲ್ಲ ಹೇಳುತ್ತೆ. ಅದಕ್ಕೇ ನನಗೆ ಭಯ. ನಿಮ್ಮ ಬಾಯಲ್ಲಿ ಕೇಳಿದ್ಮೇಲೆ ಆ ಹುಡುಗರ ಮಾತು ನನ್ನ ಕಿವಿಗೆ ಬೀಳೋದೇ ಇಲ್ಲ."

ಸಿದ್ಧಾಂತಕ್ಕೆ ಮೊದಲು ಎದುರಾಳಿಯ ವಾದವಾದ ಪೂರ್ವಪಕ್ಷವನ್ನು ಅದರ ಪೂರ್ಣಬಲದಲ್ಲಿ ಕೇಳಬೇಕೆಂಬುದು ನಮ್ಮ ಶಾಸ್ತ್ರಗಳು ವಿಧಿಸಿದ ಕ್ರಮ. ಆ ಕ್ರಮವನ್ನು ಪೀಠದ ಮೇಲೆ ಕುಳಿತು ಬೋಧಿಸುವವರನ್ನು ಬಹಳ ಮಂದಿಯನ್ನು ಕಂಡಿದ್ದೆ. ಅಂಗೈಯೆತ್ತಿ ಆಚರಿಸುವವರನ್ನು ಅಂದು ಕಂಡೆ.

ಬಳಿಕ ಅವರು ಹಿರಿಯರಿಗೆ ಸಾವಧಾನವಾಗಿ ತಿಳಿಸಿದರು. ಇಬ್ಬರಿಗೂ ತಾವೊಬ್ಬರೇ ನಿಲ್ಲಲಾಗದು. ಇಬ್ಬರ ಮಾತೂ ಒಂದೇ ಆಗಿರಬೇಕೆಂದೇನಿಲ್ಲ. ಒಬ್ಬನಿಗೆ ಒಳಿತಾಗುವ ಮಾತು ಇನ್ನೊಬ್ಬನಿಗೆ ಕೆಡುಕಾದರೆ ನಡುವೆ ನಿಂತ ವಕೀಲರು ಯಾರಾದರೊಬ್ಬರಿಗೆ ದ್ರೋಹ ಮಾಡಿದಂತೆ. ಆದ್ದರಿಂದ ಒಬ್ಬೊಬ್ಬನಿಗೂ ಬೇರೆ ವಕೀಲರಾಗಬೇಕು, ಅವರನ್ನು ಆಯಾ ಹುಡುಗನೇ ಒಪ್ಪಬೇಕು.

ಮುನಿಆಂಜಿನಪ್ಪನವರು ಎದ್ದು ನಿಂತರು. "ಉಡುಗ್ರೇನಮ್ಮಾ ಕೇಳಾದು, ನಾನಿಲ್ವಾ? ನಮ್ಮನೇಲಿ ಇವತ್ತಿನವರ್ಗೂ ಉರಿದಿರಾದು ಒಂದೇ ಒಲೆ. ಇಬ್ರಿಗೂ ಬ್ಯಾರೆ ಬ್ಯಾರೆ ಲಾಯರ್ ಮಡಗಿದ್ರೆ, ಮುನಿಆಂಜಿನಪ್ಪನ ಮನೆ ಪಾಲಾಯ್ತು ಅಂತ ನಾಳೆ ಊರೇ ಆಡ್ಕೊಂತದೆ."

ಲಾಯರಮ್ಮ ಬಾಗಿಲವರೆಗೂ ಬಂದು ಕೈಮುಗಿದರು. ಹಿರಿಯರು ಅಂದೇ ನಗರದ ಹೆಸರಾಂತ ವಕೀಲರೊಬ್ಬರನ್ನು ಇಬ್ಬರಿಗೂ ಸೇರಿಸಿ ನೇಮಿಸಿದರು. ಅವರು ಕಳುಹಿಸಿದ ಕಾಗದಕ್ಕೆ ಹುಡುಗರಿಬ್ಬರೂ ಸಹಿ ಹಾಕಿದರು. ನ್ಯಾಯಾಂಗ ಬಂಧನವಾಗಿ, ಇಬ್ಬರನ್ನೂ ಕಾರಾಗೃಹದಲ್ಲಿ ಬೇರೆ ಬೇರೆ ಕಡೆ ಇರಿಸಿದರು.

ಆ ದಿನಗಳಲ್ಲಿ ಗೋಪಾಲಮ್ಮನವರು ಸಂಜೆಯ ಪ್ರವಚನಕ್ಕೆ ಬಂದು ಕಂಬಕ್ಕೆ ಒರಗಿ ನಿಲ್ಲುತ್ತಿದ್ದರು. ಎಲ್ಲರೂ ಕುಳಿತರೂ ಕುಳಿತುಕೊಳ್ಳುತ್ತಿರಲಿಲ್ಲ. ಕಣ್ಣು ಬಾಗಿಲ ಕಡೆಗೇ ಇರುತ್ತಿತ್ತು, ಮಗ ಅಲ್ಲಿಂದಲೇ ಚಪ್ಪಲಿ ಬಿಟ್ಟು ಒಳಗೆ ಬರುವವನೆಂಬಂತೆ. ಒಂದು ದಿನ ಮಂಗಳಾರತಿಯಾದ ಮೇಲೆ ನನ್ನ ಬಳಿ ಬಂದರು. ಯಶವಂತನಿಗೆ ಮದುವೆ ಗೊತ್ತಾಗಿದೆಯೆಂದೂ, ಆದ್ದರಿಂದ ತಳ್ಳಿದವನು ತಾನೇ ಎಂದು ಮುನೇಶ ಒಪ್ಪಿಕೊಳ್ಳುವುದೆಂದು ಮನೆಯಲ್ಲಿ ನಿರ್ಧಾರವಾಗಿದೆಯೆಂದೂ, ಸಾಕಿದ ಋಣಕ್ಕೆ ಮುನೇಶ ತಲೆಯಾಡಿಸಿದ್ದಾನೆಂದೂ, ಮುಂದಿನದನ್ನೆಲ್ಲ ತಾವು ನೋಡಿಕೊಳ್ಳುವುದಾಗಿ ಭಾವನವರು ಹೇಳಿದ್ದಾರೆಂದೂ ತಿಳಿಸಿದರು.

"ನಿಜ ಏನು ಅಂತ ನಂಗೂ ಗೊತ್ತಿಲ್ಲ ಮೇಷ್ಟ್ರೇ. ನಮ್ ಭಾವ ಏಳವ್ರೆ, ಲಾಯರ್ ಏಳವ್ರೆ, ಪೊಲೀಸ್ನೋರು ಏಳವ್ರೆ. ನನ್ ಮಗನ್ನ ಮಾತ್ರ ಯಾರೂ ಕೇಳ್ನಿಲ್ಲ."

ಆ ತಾಯಿಯ ಮಾತನ್ನು ನಾನು ಶಶಿರೇಖಾ ಅವರಿಗೆ ಮುಟ್ಟಿಸಿದೆ. ಕಥೆಯನ್ನಲ್ಲ, ಆ ಕೊನೆಯ ಒಂದು ವಾಕ್ಯವನ್ನಷ್ಟೇ. ಅವರು ಗೋಪಾಲಮ್ಮನವರನ್ನು ಕಾರಾಗೃಹದ ಭೇಟಿಯ ದಿನ ತಾವೇ ಕರೆದೊಯ್ಯುವುದಾಗಿ ಹೇಳಿದರು.

ಅಲ್ಲಿ ನಡೆದದ್ದನ್ನು ಗೋಪಾಲಮ್ಮನವರು ನನಗೆ ಹೇಳಿದಂತೆ ಬರೆಯುತ್ತೇನೆ. ಗಾಜಿನ ಆಚೆ ನಿಂತ ಮುನೇಶ ತಾಯಿಯ ಮುಖವನ್ನು ನೋಡಿದ. ಲಾಯರಮ್ಮ ತಮ್ಮ ಹೆಸರು ಹೇಳಿ, "ನಿನಗೀಗಾಗ್ಲೇ ವಕೀಲರಿದಾರೆ, ದೊಡ್ಡವರೇ ಇದಾರೆ. ಅವರೇ ಸಾಕು ಅಂದ್ರೆ ನಾನು ವಾಪಸ್ ಹೋಗ್ತೀನಿ, ಬೇಜಾರೇನಿಲ್ಲ. ಆದ್ರೆ ಆರಿಸ್ಕೊಬೇಕಾದೋನು ನೀನು. ನಿಮ್ಮ ದೊಡ್ಡಪ್ಪನೂ ಅಲ್ಲ, ಇಲ್ಲಿ ನಿಂತಿರೋ ನಿಮ್ಮವ್ವನೂ ಅಲ್ಲ" ಎಂದರು.

ಮುನೇಶ ಕೇಳಿದ್ದು ಒಂದೇ: "ಯಶವಂತಣ್ಣ ಸರಿಯಾಗಿ ಉಣ್ತಾವ್ನಂತಾ?"

ಕಾರಾಗೃಹದ ಒಂದೇ ಗೋಡೆಯ ಎರಡು ಮಗ್ಗುಲಲ್ಲಿದ್ದೂ ಅವನು ಅಣ್ಣನ ದನಿಯನ್ನು ಕೇಳಿ ಬಹಳ ದಿನಗಳಾಗಿದ್ದವು. ಉಣ್ಣುತ್ತಿದ್ದಾನಂತೆ ಎಂದು ಲಾಯರಮ್ಮ ವಿಚಾರಿಸಿ ತಿಳಿದುಕೊಂಡದ್ದನ್ನು ಹೇಳಿದರು. ಅವನು ತಲೆ ಬಗ್ಗಿಸಿ, ಹಾಗಿದ್ದರೆ ನೀವೇ ನನ್ನ ವಕೀಲರಾಗಿ ಎಂದನು. ಆಗ ಅವರು ಕೇಳಿದರು, ತಂದೆಗೆ ಕೇಳಲಾಗದೆ ಉಳಿದುಹೋದ ಪ್ರಶ್ನೆಯನ್ನು: "ಅವತ್ತು ಏನಾಯ್ತಪ್ಪಾ?"

ತಾನು ಮೇಲಿನ ಮಹಡಿಯಲ್ಲಿರಲೇ ಇಲ್ಲವೆಂದು ಮುನೇಶ ಅತ್ತುಕೊಂಡು ಹೇಳಿದನು. ಕೆಳಗೆ ಸಂಪಿನ ಬಳಿ, ಖಾದರ್ ಬಾಷಾ ಎಂಬ ಚಾಲಕ ತಂದಿದ್ದ ಟ್ಯಾಂಕರಿನಿಂದ ನೀರು ಇಳಿಸಿಕೊಳ್ಳುತ್ತಿದ್ದನು; ಕೂಗು ಕೇಳಿ ಮೇಲೆ ಓಡಿದ್ದನು. ಆದರೆ ಅವನದೊಂದು ಕರಾರಿತ್ತು. "ಯಶವಂತಣ್ಣನ್ ಮ್ಯಾಲೆ ನೀವೇನೂ ಏಳ್ಬಾರ್ದು."

"ನೀನು ಎಲ್ಲಿದ್ದೆ ಅಂತ ಮಾತ್ರ ಹೇಳ್ತೀನಿ. ಬೇರೆಯವರು ಎಲ್ಲಿದ್ರು ಅನ್ನೋದು ನನ್ನ ಕೆಲಸ ಅಲ್ಲ."

ಕೊಟ್ಟ ಆ ಮಾತನ್ನು ಅವರು ಕೊನೆಯವರೆಗೂ ಅಕ್ಷರಶಃ ಪಾಲಿಸಿದರು. ಹಿಂದಿನ ವಕೀಲರ ಒಪ್ಪಿಗೆಯನ್ನು ಕ್ರಮದಂತೆ ಪಡೆದರು. ಮುನೇಶನಿದ್ದ ಜಾಗಕ್ಕೆ ಖಾದರ್ ಬಾಷಾ ಅವರ ಹೇಳಿಕೆಯನ್ನು ಆಧಾರವಾಗಿಟ್ಟರು. ವಾದದುದ್ದಕ್ಕೂ ಯಶವಂತನ ಹೆಸರನ್ನು ಎತ್ತಲಿಲ್ಲ. ಎತ್ತಿದ್ದರೆ ಜಾಮೀನು ಇನ್ನೂ ಬೇಗ ಸಿಗುತ್ತಿತ್ತೆಂದು ಅವರ ಕಿರಿಯರೇ ಅನ್ನುತ್ತಿದ್ದರಂತೆ. ಜಾಮೀನಿನ ಆದೇಶವಾದ ದಿನ ನಾನೂ ನ್ಯಾಯಾಲಯದಲ್ಲಿದ್ದೆ. ಮೊಗಸಾಲೆಯಲ್ಲಿ ಇಬ್ಬರು ಪೊಲೀಸರ ನಡುವೆ ನಿಂತಿದ್ದ ಯಶವಂತ, ತಮ್ಮ ಎದುರಾದಾಗ ಅವನ ಭುಜ ಮುಟ್ಟಿ, "ಮನೆಗೋಗು ಮಗಾ" ಎಂದಷ್ಟೇ ಅಂದನು. ಮುನಿಆಂಜಿನಪ್ಪನವರು ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದರು.

ಆದರೆ ಹೋಗಲು ಮನೆ ಇರಲಿಲ್ಲ. ಹಿರಿಯರು ಹೊರಗೆ ಹೋಗೆಂದು ಹೇಳಿದವರಲ್ಲ. ಮುನೇಶ ಬರುವಷ್ಟರಲ್ಲಿ ಹಿತ್ತಲಿನ ಶೀಟಿನ ಕೋಣೆಯಲ್ಲಿ ಒಂದು ಹೊಸ ಒಲೆ ಕುಳಿತಿತ್ತು. ಗೋಪಾಲಮ್ಮನವರು ಅದನ್ನು ನೋಡಿ ಬಟ್ಟೆಬರೆ ಕಟ್ಟಿಕೊಂಡರು. ತಾಯಿಮಗ ಶೆಟ್ಟಿಹಳ್ಳಿಯಲ್ಲಿ ಬಾಡಿಗೆಗೆ ಚಿಕ್ಕ ಮನೆಯೊಂದನ್ನು ಹಿಡಿದರು. ಹಾಲುಕ್ಕಿಸುವ ದಿನ ಶಶಿರೇಖಾ ಅವರು ಬಂದು, ನೆಲದ ಮೇಲೆ ಕುಳಿತು, ಲೋಟದ ಹಾಲು ಆರಿಹೋಗುವವರೆಗೂ ಕೈಯಲ್ಲೇ ಹಿಡಿದಿದ್ದರು. ಹೊರಗೆ ಬಂದ ಮೇಲೆ ನನಗೆ ಹೇಳಿದರು: "ಬಿಡಿಸ್ಕೊಂಡ್ ಬಂದೆ ಮೇಷ್ಟ್ರೇ. ಮನೆಗೆ ಸೇರಿಸೋಕೆ ಆಗ್ಲಿಲ್ಲ."

ಮುಂದೆ ಶಿವಪುತ್ರ ದೈವಕೃಪೆಯಿಂದ ಗುಣಮುಖನಾದನು. ಮುನೇಶನನ್ನು ಪ್ರಕರಣದಿಂದ ಕೈಬಿಡಲಾಯಿತು. ಯಶವಂತ ತಪ್ಪೊಪ್ಪಿಕೊಂಡು ಶಿವಪುತ್ರನ ಕ್ಷಮೆ ಬೇಡಿದ ಮೇಲೆ, ನ್ಯಾಯಾಲಯದ ಅನುಮತಿಯಿಂದ ಅವನ ಮೇಲಿನ ಮೊಕದ್ದಮೆಯೂ ರಾಜಿಯಲ್ಲಿ ಮುಗಿಯಿತು. ಯಶವಂತನ ಮದುವೆಯೂ ಆಯಿತು. ಮದುವೆಯ ಊಟದ ಪಂಕ್ತಿಯಲ್ಲಿ ಮುನೇಶ ಇರಲಿಲ್ಲ. ಹಬ್ಬಹಬ್ಬಕ್ಕೂ ತಾಯಿಮಗ ಲಾಯರಮ್ಮನ ಕಚೇರಿಗೆ ಬಂದು ಎಳ್ಳೋ ಒಬ್ಬಟ್ಟೋ ಕೊಟ್ಟು ಹೋಗುತ್ತಿದ್ದರು. ಪ್ರತಿ ಸಲವೂ ಗೋಪಾಲಮ್ಮನವರು ಎರಡು ಡಬ್ಬಿ ತರುತ್ತಿದ್ದರು. ಒಂದನ್ನು ಕೊಟ್ಟು, ಇನ್ನೊಂದನ್ನು ಬ್ಯಾಟರಾಯನಪುರದ ಮನೆಗೆಂದು ಹಿಡಿದು ಹೊರಡುವರು. ಆ ಬೀದಿಯ ತುದಿಯವರೆಗೆ ಹೋಗಿ, ತಿರುಗಿ ಶೆಟ್ಟಿಹಳ್ಳಿಗೆ ಬಂದುಬಿಡುವರು. ಲಾಯರಮ್ಮನಿಗೆ ಇದು ಗೊತ್ತಿತ್ತು. ಎಂದಾದರೊಂದು ದಿನ ಆ ಅಣ್ಣತಮ್ಮಂದಿರಿಬ್ಬರೂ ತಮ್ಮ ಬೆಂಚಿನ ಮೇಲೆ ಜೊತೆಯಾಗಿ ಕುಳಿತಿರುವುದನ್ನು ನೋಡಬೇಕೆಂದು ಅವರು ಆಸೆಪಡುತ್ತಿದ್ದರು. ಎಷ್ಟೋ ಪ್ರಕರಣಗಳನ್ನು ಗೆದ್ದವರು ಇದೊಂದರ ಬಗ್ಗೆ ಮಾತ್ರ 'ಗೆದ್ದೆ' ಎಂಬ ಮಾತನ್ನು ಆಡಿದ್ದಿಲ್ಲ.

ಕಳೆದ ತಿಂಗಳು ಅವರು ಕಚೇರಿಯನ್ನು ತೆರವು ಮಾಡುತ್ತಿದ್ದ ದಿನ ಅವರಿಗೆ ಅರ್ಪಿಸುವ ಈ ಅಭಿನಂದನ ಸಂಪುಟದ ಕೆಲಸಕ್ಕಾಗಿ ನಾನು ಅಲ್ಲಿಗೆ ಹೋಗಿದ್ದೆ. ಕಪಾಟುಗಳು ಬರಿದಾಗಿದ್ದವು, ಗೋಡೆಯಲ್ಲಿ ಪಟಗಳಿದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ಬೆಂಚೊಂದೇ ಉಳಿದಿತ್ತು. ಎಷ್ಟು ತಾಯಂದಿರು ಸೆರಗಿನಿಂದ ಉಜ್ಜಿ ನುಣುಪು ಮಾಡಿದ್ದರೋ ಆ ಹಲಗೆಯನ್ನು. ಇನ್ನು ಮುಂದೆ ಅವರೆಲ್ಲ ಎಲ್ಲಿ ಹೋಗಿ ಕುಳಿತುಕೊಳ್ಳುವರೆಂದು ಯೋಚಿಸುತ್ತ ನಿಂತಿರುವಾಗ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಮುನಿಆಂಜಿನಪ್ಪನವರು ಬಂದಿದ್ದರು. ಹೊರಗೆ ಕಾರಿನಲ್ಲಿ ಯಶವಂತ ಕುಳಿತಿದ್ದನು.

ಹಿರಿಯರು ಬೆಂಚಿನ ಮೇಲೆ ಕುಳಿತು, ಕೋಲನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡರು. "ಅಂಗಡಿ ಮುಚ್ತಿದೀರಂತೆ. ಈಗ್ಲಾದ್ರೂ ನಮ್ ಕಥೆ ಕೇಳ್ತೀರಾ ಲಾಯರಮ್ಮಾ?"

ಶಶಿರೇಖಾ ಅವರು ನಕ್ಕರು. "ಕೋಟು ಮಡಿಸಿಟ್ಟಾಯ್ತು ಗೌಡ್ರೆ. ಇನ್ಮೇಲೆ ಯಾರ ಕಥೆ ಬೇಕಾದ್ರೂ ಕೇಳ್ಬಹುದು. ಹೇಳಿ."

ಹಿಂದೆ ಅಂಗೈ ತಡೆದಿದ್ದ ಅಷ್ಟೂ ಮಾತುಗಳನ್ನು ಈಗ ಆಡಬಹುದಾಗಿತ್ತು. ಮುನಿಆಂಜಿನಪ್ಪನವರ ಬಾಯಿಂದ ಹೊರಬಂದದ್ದು ಇಷ್ಟೇ. "ಮುನೇಶ ಎಂಗವ್ನೆ?"

ಅದಕ್ಕೆ ಉತ್ತರ ಲಾಯರಮ್ಮನ ನಾಲಗೆಯ ತುದಿಯಲ್ಲೇ ಇತ್ತು. ಸಂಕ್ರಾಂತಿಗೆ ಬಂದು ಹೋಗಿದ್ದವನು ಅವನು. ಅವನ ಕೆಲಸ, ಆರೋಗ್ಯ, ತಾಯಿಯ ಮೊಣಕಾಲು ನೋವು, ಎಲ್ಲವನ್ನೂ ಅವರು ಬಲ್ಲರು. ಹೇಳಲು ಹೊರಟವರು ತಡೆದು, ಹಿರಿಯರ ಪಕ್ಕದಲ್ಲಿ ಕುಳಿತರು. "ಅದನ್ನ ನನ್ನ ಕೇಳ್ಬೇಡಿ. ಅವನ ಬಾಯಿಂದಲೇ ಕೇಳಿ."

ಅಂದು ಸಂಜೆ ಯಶವಂತನ ಕಾರಿನಲ್ಲಿ ನಾವು ಶೆಟ್ಟಿಹಳ್ಳಿಗೆ ಹೋದೆವು. ಬರಲು ಒಲ್ಲೆನೆಂದ ಲಾಯರಮ್ಮನನ್ನು ಹಿರಿಯರೇ ಬಲವಂತದಿಂದ ಕರೆತಂದರು. ಬಾಗಿಲು ತೆರೆದವನು ಮುನೇಶ. ಒಳಗೆ ಭಾವನವರ ಕೆಮ್ಮಿನ ಗುರುತು ಸಿಕ್ಕಿ ಗೋಪಾಲಮ್ಮನವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಯ ಮರೆಗೆ ಸರಿದರು. ಮುನಿಆಂಜಿನಪ್ಪನವರು ಚಪ್ಪಲಿಯನ್ನೂ ಬಿಡದೆ ಹೊಸಿಲ ಆಚೆಯೇ ನಿಂತು, "ಎಂಗಿದ್ದೀಯಪ್ಪಾ?" ಎಂದು ಕೇಳಿದರು. ಮುನೇಶ ಹಿರಿಯರ ಕೈಯಿಂದ ಕೋಲನ್ನು ತೆಗೆದುಕೊಂಡು ಗೋಡೆಗೆ ಒರಗಿಸಿ, ತನ್ನ ಭುಜವನ್ನು ಆ ಕೈಗೆ ಕೊಟ್ಟು ಒಳಗೆ ನಡೆಸಿಕೊಂಡು ಹೋದನು. ಯಶವಂತ ಹಿಂದೆಯೇ ಹೋದನು. ನಾನೂ ಲಾಯರಮ್ಮನೂ ಹೊರಗಿನ ಮೆಟ್ಟಿಲ ಮೇಲೆ ಕುಳಿತೆವು. ದೊಡ್ಡಪ್ಪನ ಪ್ರಶ್ನೆಗೆ ಮುನೇಶ ಏನು ಉತ್ತರ ಕೊಟ್ಟನೆಂಬುದನ್ನು ನಾನಿಲ್ಲಿ ಬರೆಯಲಾರೆ. ಅದು ಅವನ ಬಾಯಿಂದಲೇ ಬರಬೇಕಾದದ್ದು. ಒಳಗಿನಿಂದ ಡಬ್ಬಿಯೊಂದರ ಮುಚ್ಚಳ ತೆರೆದ ಸದ್ದು ಕೇಳಿಸಿತೆಂಬಷ್ಟನ್ನು ಮಾತ್ರ ಹೇಳಬಲ್ಲೆ.

ಶಶಿರೇಖಾ ಅವರು ವೃತ್ತಿಯಿಂದ ನಿವೃತ್ತರಾಗಿರಬಹುದು. ಕೇಳಿಸಿಕೊಳ್ಳುವ ಕೆಲಸದಿಂದ ಅವರಿಗೆ ಬಿಡುವು ಸಿಗದಿರಲೆಂದೇ ನಾವೆಲ್ಲ ಹಾರೈಸುತ್ತೇವೆ. ಆ ಬೆಂಚು ಈಗ ಅವರ ಮನೆಯ ಜಗಲಿಗೆ ಬಂದಿದೆ. ಅದರ ಮೇಲೆ ಕುಳಿತು, ಅಂಗೈಯೆತ್ತದೆ, ಬಂದವರ ಕಥೆಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಕೇಳುವಷ್ಟು ದೀರ್ಘವಾದ, ನೋವಿಲ್ಲದ ಆಯುಸ್ಸನ್ನು ಭಗವಂತನು ಅವರಿಗೆ ಅನುಗ್ರಹಿಸಲಿ.

ಇದನ್ನು ಓದಿದವರಿಗೂ, ಓದಿಸಿ ಕೇಳಿದವರಿಗೂ ಬೇಟೆರಾಯನು ಒಳ್ಳೆಯದನ್ನು ಮಾಡಲಿ. ಅವರ ಮನೆಯ ಒಲೆಗಳು ಎಷ್ಟೇ ಆಗಲಿ, ನಡುವಣ ಬಾಗಿಲು ತೆರೆದಿರಲಿ. ಒಳಗಿದ್ದವರು ಮನೆಗೆ ಬರಲಿ. ಏನಾಯಿತೆಂದು ಕೇಳುವವರೊಬ್ಬರು ಎಲ್ಲರಿಗೂ ಇರಲಿ.